ನಿಮ್ಮ ಕಥೆಯ ಅವ್ವ ಯಾರ ಕನ್ನಡ ಮಾತಾಡ್ತಾಳೆ?

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಹೊಸದಾಗಿ ಕಥೆ ಬರೆಯುವ ಹುಡುಗ ಹುಡುಗಿಯರು ಈಗ ಕಡಿಮೆ ಏನಿಲ್ಲ. ಮೊಬೈಲಿನಲ್ಲೇ ಬರೆದು ನಮಗೂ ಓದಲು ಕಳಿಸುತ್ತಾರೆ. ಖುಷಿಯಿಂದಲೇ ಓದುತ್ತೇವೆ. ಆದರೆ ತೊಗರಿ ಹೊಲಕ್ಕೆ ಬುತ್ತಿ ಒಯ್ಯುವ ಅವ್ವ ಬಾಯಿ ತೆರೆದ ಕೂಡಲೇ "ಮಗನೇ, ಎಲ್ಲಿಗೆ ಹೋಗುತ್ತಿರುವೆ?" ಅನ್ನುತ್ತಾಳೆ. ಹೀಗೆ ಮಾತಾಡುವ ಅವ್ವ ಕಾಗಿಣಾ ದಂಡೆಯ ಯಾವ ಊರಲ್ಲಿದ್ದಾಳೆ? ನಮ್ಮ ಅವ್ವಂದಿರು "ಎಲ್ಲಿಗಿ ಹೊಂಟೀಯೋ ತಮ್ಮಾ" ಅಂತಾರೆ.

ಕಾರಣ ನಮಗೆ ಗೊತ್ತು. ಪಾಠಪುಸ್ತಕದಲ್ಲಿ ನಮ್ಮ ಮಾತು ಇಲ್ಲ. ಸಿನಿಮಾದಲ್ಲಿ ಇದ್ದರೂ ನಗಿಸುವ ಪಾತ್ರದ ಬಾಯಲ್ಲಿ ಇರುತ್ತದೆ. ಓದಲು ದೂರದ ಊರಿಗೆ ಹೋದವರು "ಇದೆಂಥ ಕನ್ನಡ ನಿಮ್ದು" ಅನ್ನಿಸಿಕೊಂಡು ಬಂದಿದ್ದಾರೆ. ಹಾಗಾಗಿ ಕಥೆ ಅಂದರೆ ಮೊದಲು ಮನೆಯ ಮಾತನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕು ಅಂದುಕೊಳ್ಳುತ್ತೇವೆ.

ವಿಚಿತ್ರ ಏನಂದರೆ, ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ಗ್ರಂಥ 'ಕವಿರಾಜಮಾರ್ಗ' ನಮ್ಮ ಕಡೆಯದೇ. 9ನೇ ಶತಮಾನದಲ್ಲಿ, ಇಂದಿನ ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ್ದು. ಕನ್ನಡ ಒಂದೇ ಅಲ್ಲ, ಹಲವು. ಅವುಗಳ ದೋಷ ಎಣಿಸಲು ಕೂತರೆ ವಾಸುಕಿಗೂ ಬೇಸರ ಬರುತ್ತದೆ ಎಂಬ ಮಾತು ಅದರಲ್ಲಿದೆ. ದೋಷದ ಲೆಕ್ಕದಲ್ಲೇ ಹೇಳಿದ್ದು, ಖರೇ. ಆದರೂ ಹಲವು ಕನ್ನಡ ಇವೆ ಅಂತ ಅವತ್ತೇ ಒಪ್ಪಿಕೊಂಡಿದ್ದರು.

ಗೀತಾ ನಾಗಭೂಷಣ ಅವರನ್ನು ಓದಿ. ಕಲಬುರಗಿ ಪಕ್ಕದ ಸಾವಳಗಿಯಲ್ಲಿ ಹುಟ್ಟಿದವರು, ಮಿಲ್ ಕಾರ್ಮಿಕರ ಮಗಳು. ಅವರ ಕಾದಂಬರಿಯ ಹೆಂಗಸರು ನಮ್ಮ ಓಣಿಯ ಹಾಗೇ ಮಾತಾಡ್ತಾರೆ, ಬೈತಾರೆ, ಅಳ್ತಾರೆ. ಆ ಮಾತಿನಲ್ಲೇ ಬರೆದ 'ಬದುಕು' ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2010ರಲ್ಲಿ ಗದಗದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಹಾಗಂತ ಕಥೆಯ ಪ್ರತಿ ಸಾಲೂ ಆಡುಮಾತಿನಲ್ಲಿ ಇರಬೇಕು ಅಂತ ನಾವು ಹೇಳುತ್ತಿಲ್ಲ. ನಿರೂಪಣೆ ಪುಸ್ತಕದ ಕನ್ನಡದಲ್ಲಿದ್ದರೂ ನಡೆಯುತ್ತದೆ. ಪಾತ್ರ ಬಾಯಿ ತೆರೆದಾಗ ಮಾತ್ರ ಅದರದ್ದೇ ಮಾತು ಬರಲಿ. ಮೇಷ್ಟ್ರು, ಸಾಹುಕಾರ ಶುದ್ಧ ಕನ್ನಡ ಮಾತಾಡಿ, ಕೂಲಿಯವನು ಮಾತ್ರ "ಹೌದ್ರಿ ಧಣಿ" ಅನ್ನುವ ಕಥೆಗಳೂ ಬರುತ್ತವೆ. ಅದು ನಮಗೆ ಇನ್ನೂ ಬೇಸರ. ನಮ್ಮ ಕಡೆ ಸಾಹುಕಾರನೂ ಮನೆಯಲ್ಲಿ ಇದೇ ಮಾತಾಡುವುದು.

ಇನ್ನೊಂದು ಸಂಗತಿ. 1948ರ ತನಕ ನಾವು ನಿಜಾಮನ ರಾಜ್ಯದಲ್ಲಿದ್ದವರು. ಉರ್ದು ನಮ್ಮ ಮಾತಿನಲ್ಲಿ ಬೆರೆತು ಹೋಗಿದೆ. ಗಡಿ ದಾಟಿದರೆ ತೆಲುಗು. ಚಿಂಚೋಳಿಯ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ವಾಡಿ, ಶಹಾಬಾದಿನ ರೈಲು, ಸಿಮೆಂಟು, ಕಲ್ಲಿನ ಕೆಲಸಕ್ಕೆ ಎಲ್ಲೆಲ್ಲಿಂದಲೋ ಜನ ಬಂದು ನೆಲೆಸಿದ್ದಾರೆ. ಒಬ್ಬ ತಾಂಡಾದ ಹುಡುಗ ಅವ್ವನ ಜೊತೆ ಲಂಬಾಣಿ, ಅಂಗಡಿಯಲ್ಲಿ ಕನ್ನಡ, ಗುತ್ತಿಗೆದಾರನ ಮುಂದೆ ಹಿಂದಿ ಮಾತಾಡ್ತಾನೆ. ಪಗಾರ ಕೇಳುವಾಗ ಯಾವ ಭಾಷೆ? ಸಿಟ್ಟು ಬಂದಾಗ ಯಾವುದು? ಪುಣೆಗೆ ದುಡಿಯಲು ಹೋದವನು ಫೋನಿನಲ್ಲಿ ಹೆಂಡತಿಗೆ ಸುಳ್ಳು ಹೇಳುವಾಗ? ಇಷ್ಟು ಗಮನಿಸಿದರೆ ಅರ್ಧ ಕಥೆ ಸಿಕ್ಕ ಹಾಗೆ.

ಅಭ್ಯಾಸಕ್ಕೆ ಒಂದು ದಾರಿ: ವಾಡಿ ಸ್ಟೇಷನ್ನಿನಲ್ಲೋ ಸಂತೆಯಲ್ಲೋ ಕಾಲು ಗಂಟೆ ಕೂತು ಕಿವಿಗೆ ಬಿದ್ದ ಐದು ಮಾತು ಬಿದ್ದ ಹಾಗೇ ಬರೆದುಕೊಳ್ಳಿ. ತಿದ್ದಬೇಡಿ. ಕೇಳದೆ ರೆಕಾರ್ಡ್ ಮಾತ್ರ ಮಾಡಬೇಡಿ.

ಮಾತಿನ ಹಿಂದೆ ಕೆಲಸ ಇರುತ್ತದೆ. ಶಹಾಬಾದ್ ಪರ್ಸಿ ನೆಲದಲ್ಲಿ ಪದರ ಪದರವಾಗಿ ಇರುವ ಸುಣ್ಣದಕಲ್ಲು. ಅದನ್ನು ಎಬ್ಬಿಸುವವನು ಏಟು ಎಲ್ಲಿ ಹಾಕ್ತಾನೆ, ಒಡೆದು ಹೋದ ಕಲ್ಲಿನ ಕೂಲಿ ಯಾರ ತಲೆಗೆ ಬೀಳುತ್ತದೆ, ಅವನನ್ನೇ ಕೇಳಿ. "ಅವನು ಬಡತನದ ಬೆಂಕಿಯಲ್ಲಿ ಬೆಂದಿದ್ದ" ಅಂತ ಬರೆದರೆ ನಮಗೆ ಏನೂ ಕಾಣುವುದಿಲ್ಲ. "ತೊಗರಿ ರಾಶಿ ಆದ ದಿನವೇ ಸಾಲ ಕೊಟ್ಟವನು ಚೀಲ ಎಣಿಸಲು ಬಂದು ನಿಂತ" ಅಂದರೆ ಕಾಣುತ್ತದೆ.

ಕಡೆಗೆ ಒಂದು ಎಚ್ಚರ. ನಮ್ಮವು ಸಣ್ಣ ಊರುಗಳು. ಪಕ್ಕದ ಮನೆಯ ಹೆಣ್ಣುಮಗಳ ಕಷ್ಟವನ್ನು ಹೆಸರೊಂದು ಬದಲಿಸಿ ಬರೆದರೆ ಎರಡನೇ ಪುಟಕ್ಕೇ ಓಣಿಯವರಿಗೆಲ್ಲ ಗುರುತು ಸಿಗುತ್ತದೆ. ನೀವು ಚಪ್ಪಾಳೆ ತಗೊಂಡು ಕಲಬುರಗಿ ಬಸ್ಸು ಹತ್ತುತ್ತೀರಿ, ಆಕೆ ನಾಳೆಯೂ ಅದೇ ನಳದ ಮುಂದೆ ಕೊಡ ಹಿಡಿದು ನಿಲ್ಲಬೇಕು. ಊರು, ಮನೆತನ, ಕೆಲಸ, ಮಕ್ಕಳ ಸಂಖ್ಯೆ ಎಲ್ಲ ಬದಲಿಸಿ. ಆಕೆಯ ಮಾತಿನ ಧಾಟಿ ಮಾತ್ರ ಇಟ್ಟುಕೊಳ್ಳಿ. ಅದರಿಂದಲೂ ಗುರುತು ಸಿಗುವಂತಿದ್ದರೆ ಆ ಕಥೆ ಸದ್ಯಕ್ಕೆ ನಿಮ್ಮ ಫೋನಿನಲ್ಲೇ ಇರಲಿ.