ತಾಊನಿನ ಚರಿತ್ರೆ: ಖುತ್ಬಾಗಳಲ್ಲಿ ಕೇಳಿಬರದ ಭಾಗ

ಸಾಂಕ್ರಾಮಿಕ ರೋಗದ ಮಾತು ಬಂದಾಗಲೆಲ್ಲ ನಮ್ಮ ಮಿಂಬರುಗಳಿಂದ ಒಂದು ಹದೀಸ್ ತಪ್ಪದೆ ಕೇಳಿಬರುತ್ತದೆ. ತಾಊನಿನಿಂದ, ಅಂದರೆ ಪ್ಲೇಗಿನಿಂದ, ಮರಣ ಹೊಂದಿದ ಮುಸ್ಲಿಮನಿಗೆ ಶಹೀದನ ಪದವಿಯುಂಟು ಎಂಬುದೇ ಅದು. ಹದೀಸ್ ಸಹೀಹ್ ಆದುದು. ಮನೆಮಂದಿಯನ್ನು ಮಣ್ಣು ಮಾಡಿ ಬಂದವರಿಗೆ ಅದಕ್ಕಿಂತ ದೊಡ್ಡ ಸಾಂತ್ವನ ಬೇರೊಂದಿಲ್ಲ. ಆದರೆ ನೊಂದವರಿಗಾಗಿ ಬಂದ ಈ ಸಾಂತ್ವನವನ್ನು ಕೆಲವರು ಉದಾಸೀನಕ್ಕೆ ಆಧಾರ ಮಾಡಿಕೊಂಡಿದ್ದಾರೆ. ತಕ್ದೀರಿನಲ್ಲಿದ್ದರೆ ಬಂದೇ ಬರುತ್ತದೆ, ಮದ್ದೇಕೆ, ಮಕ್ಕಳಿಗೆ ಲಸಿಕೆಯೇಕೆ ಎಂದು ಕೇಳುವವರು ನಮ್ಮ ಹೊಳಲಿನಲ್ಲಿಯೂ ಇದ್ದಾರೆ, ಹಡಗಲಿಯಲ್ಲಿಯೂ ಇದ್ದಾರೆ. ಇದನ್ನು ಅವರು ತವಕ್ಕುಲ್ ಎಂದು ಕರೆಯುತ್ತಾರೆ. ತಾಊನಿನ ಚರಿತ್ರೆಯನ್ನು ಓದಿದವರು ಹಾಗೆ ಕರೆಯಲಾರರೆಂಬುದು ನಮ್ಮ ಅಭಿಪ್ರಾಯ.

ಹಿಜರಿ 18ರ ಸುಮಾರಿಗೆ, ಕ್ರಿ.ಶ. 638-39ರಲ್ಲಿ, ಶಾಮ್ ನಾಡಿನ ಅಮ್ವಾಸಿನಲ್ಲಿ ತಾಊನ್ ಕಾಣಿಸಿಕೊಂಡಿತು. ಅತ್ತ ಹೊರಟಿದ್ದ ಖಲೀಫಾ ಹಝ್ರತ್ ಉಮರ್(ರ)ರಿಗೆ ಸರ್ಗ್ ಎಂಬಲ್ಲಿ ಸುದ್ದಿ ಮುಟ್ಟಿತು. ಅವರು ಮುಹಾಜಿರರನ್ನು ಕೇಳಿದರು, ಅನ್ಸಾರರನ್ನು ಕೇಳಿದರು. ಎರಡು ಕಡೆಯೂ ಒಮ್ಮತವಿರಲಿಲ್ಲ. ಕುರೈಶರ ಹಿರಿಯರು ಹಿಂದಿರುಗುವುದೇ ಲೇಸೆಂದರು. ಉಮರ್(ರ) ಹಾಗೆಯೇ ನಿರ್ಧರಿಸಿದಾಗ, ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಆಕ್ಷೇಪಿಸಿದವರು ಸಾಮಾನ್ಯರಲ್ಲ, ಉಮ್ಮತ್ತಿನ ಅಮೀನರೆನಿಸಿದ ಅಬೂ ಉಬೈದಾ(ರ). ಉಮರ್(ರ)ರ ಉತ್ತರ ಪ್ರಸಿದ್ಧವಾದುದು: ಓಡುವುದು ಹೌದು, ಆದರೆ ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ. ಕಣಿವೆಯ ಒಂದು ಬದಿ ಹಸಿರಾಗಿದ್ದು ಇನ್ನೊಂದು ಬದಿ ಬರಡಾಗಿದ್ದರೆ ಒಂಟೆಗಳನ್ನು ಎಲ್ಲಿ ಮೇಯಿಸಿದರೂ ಅದು ವಿಧಿಯೇ ಅಲ್ಲವೇ ಎಂದು ಅವರು ಕೇಳಿದರು. ದನ ಮೇಯಿಸಿ ಬಲ್ಲ ನಮ್ಮ ಸೀಮೆಯ ಯಾವ ರೈತನಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು, ತಾಊನ್ ಇರುವ ಊರಿಗೆ ಹೋಗಕೂಡದು, ತಾನಿರುವ ಊರಿನಲ್ಲಿ ಅದು ಬಂದರೆ ಅಲ್ಲಿಂದ ಓಡಕೂಡದು ಎಂಬ ಪ್ರವಾದಿ(ಸ)ರ ಆದೇಶವನ್ನು ತಿಳಿಸಿದರು. ಉಮರ್(ರ) ಅಲ್ಲಾಹನನ್ನು ಸ್ತುತಿಸಿ ಮದೀನಾಕ್ಕೆ ಮರಳಿದರು.

ಅಬೂ ಉಬೈದಾ(ರ) ತಮ್ಮ ಜನರ ನಡುವೆಯೇ ಉಳಿದು ಅದೇ ರೋಗದಲ್ಲಿ ತೀರಿಕೊಂಡರು. ಮುಆದ್ ಬಿನ್ ಜಬಲ್(ರ)ರೂ ಹೋದರು. ಅನಂತರ ಹೊಣೆ ಹೊತ್ತ ಅಮ್ರ್ ಬಿನ್ ಆಸ್(ರ) ಜನರನ್ನು ಒಂದೆಡೆ ಗುಂಪುಗೂಡಲು ಬಿಡದೆ ಬೆಟ್ಟಗಳಿಗೆ ಚದುರಿಸಿದರು. ಈ ಸುದ್ದಿ ಕೇಳಿದ ಉಮರ್(ರ) ಅದನ್ನು ತಪ್ಪೆನ್ನಲಿಲ್ಲವೆಂದು ವರದಿಯಾಗಿದೆ.

ಏಳುನೂರು ವರ್ಷಗಳ ನಂತರ, 1348ರಲ್ಲಿ, ಯುರೋಪು ಕಪ್ಪು ಸಾವೆಂದು ಕರೆದ ಮಹಾಮಾರಿ ಈಜಿಪ್ಟ್ ಮತ್ತು ಶಾಮ್ ನಾಡುಗಳನ್ನು ಬಡಿಯಿತು. ದಮಾಸ್ಕಸ್ಸಿನ ಜನ ಉಪವಾಸವಿದ್ದು ಬೃಹತ್ ಸಂಖ್ಯೆಯಲ್ಲಿ ಕೂಡಿ ದುಆ ಮಾಡಿದರು. ಮುಸ್ಲಿಮರು ಕುರ್‌ಆನ್, ಯಹೂದಿಗಳು ತೌರಾತ್, ಕ್ರೈಸ್ತರು ಇಂಜೀಲ್ ಹಿಡಿದು ನಡೆದರು. ಅದೇ ಕಾಲದಲ್ಲಿ ಯುರೋಪಿನ ಪಟ್ಟಣಗಳಲ್ಲಿ ಬಾವಿಗೆ ವಿಷ ಹಾಕಿದರೆಂಬ ಆರೋಪ ಹೊರಿಸಿ ಯಹೂದಿಗಳನ್ನು ಸುಡುತ್ತಿದ್ದರೆಂಬುದನ್ನು ನೆನೆದರೆ ಈ ದೃಶ್ಯದ ಬೆಲೆ ತಿಳಿದೀತು. ಇಬ್ನ್ ಬತೂತ ಇದನ್ನು ಮೆಚ್ಚಿ ಬರೆದರು. ಆದರೆ ಮುಂದಿನ ಶತಮಾನದ ಮಹಾ ಮುಹದ್ದಿಸ್ ಇಬ್ನ್ ಹಜರ್ ಅಸ್ಕಲಾನಿ(ರಹ್) ಅದೇ ಘಟನೆಯನ್ನು ಬೇರೆಯಾಗಿ ಕಂಡರು.

ಸಹೀಹ್ ಬುಖಾರಿಗೆ ಫತ್‌ಹುಲ್ ಬಾರಿ ಎಂಬ ವ್ಯಾಖ್ಯಾನ ಬರೆದ ಇಬ್ನ್ ಹಜರರನ್ನು ಮದ್ರಸಾಗಳಲ್ಲಿ ಅರಿಯದವರಿಲ್ಲ. ಅವರ ಮೂವರು ಹೆಣ್ಣುಮಕ್ಕಳು ತಾಊನಿಗೆ ತುತ್ತಾದರೆಂಬುದು ಮಾತ್ರ ಅನೇಕರಿಗೆ ತಿಳಿದಿಲ್ಲ. ತಾಊನಿನ ಬಗ್ಗೆಯೇ ಅವರು ‘ಬದ್ಲುಲ್ ಮಾಊನ್’ ಎಂಬ ಗ್ರಂಥ ರಚಿಸಿದರು. ಹಿಜರಿ 833ರಲ್ಲಿ (ಕ್ರಿ.ಶ. 1430) ಕೈರೋದಲ್ಲಿ ತಾಊನ್ ಶುರುವಾದಾಗ ದಿನವೊಂದಕ್ಕೆ ಸಾಯುತ್ತಿದ್ದವರು 40ಕ್ಕಿಂತ ಕಡಿಮೆ. ಜನ 3 ದಿನ ಉಪವಾಸವಿದ್ದು ಊರ ಹೊರಗಿನ ಮರುಭೂಮಿಯಲ್ಲಿ ಒಟ್ಟುಗೂಡಿ ದುಆ ಮಾಡಿ ಮರಳಿದರು. ಆ ತಿಂಗಳು ಮುಗಿಯುವ ಮೊದಲೇ ದಿನದ ಸಾವು 1,000 ದಾಟಿತೆಂದು ಅವರು ದಾಖಲಿಸಿದ್ದಾರೆ. ದುಆವನ್ನು ಅವರು ನಿರಾಕರಿಸಲಿಲ್ಲ. ಇಂಥ ಸಮಯದಲ್ಲಿ ಹೀಗೆ ಕೂಡುವುದಕ್ಕೆ ಸುನ್ನತಿನಲ್ಲಿ ಆಧಾರವಿಲ್ಲವೆಂದರು. ವಿಶೇಷವೆಂದರೆ, ರೋಗ ಒಬ್ಬರಿಂದೊಬ್ಬರಿಗೆ ಅಂಟುತ್ತದೆಂಬುದನ್ನು ಸ್ವತಃ ಅವರೂ ಒಪ್ಪಿರಲಿಲ್ಲ, ಅದು ಜಿನ್ನುಗಳ ಇರಿತವೆಂದೇ ತಿಳಿದಿದ್ದರು. ಅದು ಆ ಕಾಲದ ಅರಿವು. ತಮ್ಮ ತಿಳಿವಳಿಕೆಗೆ ಹೊಂದಲಿ ಬಿಡಲಿ, ಕಂಡ ಸಂಖ್ಯೆಯನ್ನು ಕಂಡಂತೆ ಬರೆದಿಟ್ಟರಲ್ಲ, ಆ ಅಮಾನತ್ತಿಗೆ ನಾವು ತಲೆಬಾಗುತ್ತೇವೆ. ಅವರ ಸಮಕಾಲೀನರಿಗಿಂತ ಹಿಂದಿನವರಾದ ಗ್ರನಾಡದ ಇಬ್ನುಲ್ ಖತೀಬರಂತೂ ರೋಗ ಅಂಟುವುದು ಅನುಭವದಿಂದ ಸಿದ್ಧವಾದ ಸಂಗತಿಯೆಂದೇ ವಾದಿಸಿದ್ದರು.

ಇದೆಲ್ಲ ಅರಬರ ನಾಡಿನ ಮಾತೆನ್ನುವವರಿಗೆ ನಮ್ಮ ಬಿಜಾಪುರವಿದೆ. 1686ರಲ್ಲಿ ಆದಿಲ್ ಶಾಹಿಗಳ ಈ ರಾಜಧಾನಿ ಔರಂಗಜೇಬನ ವಶವಾಯಿತು. ಎರಡು ವರ್ಷಗಳ ನಂತರ ಬಾದಶಹನ ದಂಡು ಅಲ್ಲಿ ಬೀಡುಬಿಟ್ಟಿದ್ದಾಗ ಪ್ಲೇಗು ಎರಗಿತು. ಕಂಕುಳಲ್ಲಿ, ಕಿವಿಯ ಹಿಂದೆ, ತೊಡೆಸಂದಿಯಲ್ಲಿ ಗಂಟು ಏಳುತ್ತಿದ್ದುದನ್ನು ಇತಿಹಾಸಕಾರ ಖಾಫಿ ಖಾನ್ ವರ್ಣಿಸಿದ್ದಾನೆ. ಬಾದಶಹನ ಬೇಗಂ ಔರಂಗಾಬಾದಿ ಮಹಲ್ ತೀರಿಕೊಂಡಳು. ಸೇನಾನಿ ಫಿರೋಜ್ ಜಂಗ್ ಬದುಕಿ ಉಳಿದರೂ ಕಣ್ಣು ಕಳೆದುಕೊಂಡ. ಡಿಸೆಂಬರಿನಲ್ಲಿ ದಂಡು ಕಿತ್ತು ಹೊರಟಿತು. ರೋಗದ ಊರಿನಿಂದ ಹೊರಡುವ ದಂಡು ತನ್ನ ಧಾನ್ಯದ ಚೀಲಗಳೊಂದಿಗೆ ಏನನ್ನು ಹೊತ್ತೊಯ್ಯಬಲ್ಲದೆಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ರೋಗಾಣುವನ್ನು ಯೆರ್ಸಿನ್ ಗುರುತಿಸಿದ್ದು 1894ರಲ್ಲಿ. ಇಲಿಯ ಮೈಮೇಲಿನ ಚಿಗಟ ಅದನ್ನು ಹರಡುತ್ತದೆಂದು ಸಿಮೋಂ ಕಂಡುಕೊಂಡದ್ದು 1898ರಲ್ಲಿ. ಹೊರಗಿನವರು ಬರಬೇಡಿ, ಒಳಗಿನವರು ಹೋಗಬೇಡಿ ಎಂಬ ಆದೇಶ ಅದಕ್ಕಿಂತ ಸಾವಿರದ ಇನ್ನೂರು ವರ್ಷ ಹಿಂದಿನದು.

ಆ 1898ರ ಹೊತ್ತಿಗೆ ಪ್ಲೇಗು ಮುಂಬಯಿಯಿಂದ ಧಾರವಾಡ ಜಿಲ್ಲೆಗೂ ಬಳ್ಳಾರಿ ಜಿಲ್ಲೆಗೂ ಬಂದಿತ್ತು. ತುಂಗಭದ್ರೆಯ ಆಚೆ ದಂಡೆ ಮುಂಬಯಿ ಪ್ರಾಂತ, ಈಚೆಯ ಹಡಗಲಿ ಮದರಾಸು ಪ್ರಾಂತ; ರೋಗಕ್ಕೆ ಈ ಗಡಿ ಲೆಕ್ಕಕ್ಕಿರಲಿಲ್ಲ. ಇಲಿ ಬಿದ್ದಿತೆಂದರೆ ಜನ ಮನೆಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದರೆಂದು ಈ ಭಾಗದ ಹಿರಿಯರೆಲ್ಲ ಹೇಳುತ್ತಾರೆ. ಇದು ಹದೀಸಿಗೆ ವಿರುದ್ಧವೇ? ನಮಗೆ ಹಾಗೆ ತೋರುವುದಿಲ್ಲ. ಅವರು ಪರವೂರಿಗೆ ಓಡಲಿಲ್ಲ. ತಮ್ಮ ಊರಿನ ಎಲ್ಲೆಯಲ್ಲಿಯೇ, ಅಮ್ರ್(ರ)ರ ಜನ ಬೆಟ್ಟದಲ್ಲಿ ಚದುರಿದಂತೆ, ಚದುರಿ ನಿಂತರು. ಅದೇ ವರ್ಷ ಹುಬ್ಬಳ್ಳಿಯಲ್ಲಿ 30,000ಕ್ಕೂ ಹೆಚ್ಚು ಜನ ಹಾಫ್‌ಕಿನ್ನರ ಚುಚ್ಚುಮದ್ದು ಹಾಕಿಸಿಕೊಂಡರು. ಮುಂಬಯಿಯಲ್ಲಿ ಹೆದರಿದ್ದ ತಮ್ಮ ಅನುಯಾಯಿಗಳ ಮುಂದೆ ಇಸ್ಮಾಯಿಲಿಗಳ ನಾಯಕ ಮೂರನೆಯ ಆಗಾ ಖಾನ್ ತಾವೇ ತೋಳು ಚಾಚಿದ್ದರು.

ಎಚ್ಚರಿಕೆಯ ಹೆಸರಿನಲ್ಲಿ ರೋಗಿಯನ್ನು ತೊರೆಯುವುದಕ್ಕೂ ಇಲ್ಲಿ ಅನುಮತಿಯಿಲ್ಲ. ಓಡಕೂಡದೆಂಬ ಮಾತಿನಲ್ಲಿ ಇಮಾಮ್ ಗಝಾಲಿ(ರಹ್) ಕಂಡ ಒಂದು ಕಾರಣವೇ ಇದು: ಗಟ್ಟಿಮುಟ್ಟಾದವರೆಲ್ಲ ಹೊರಟರೆ ಹಾಸಿಗೆ ಹಿಡಿದವರಿಗೆ ನೀರು ಕೊಡುವವರಾರು? 2020-21ರಲ್ಲಿ ಸ್ವಂತದವರೇ ಹತ್ತಿರ ಸುಳಿಯದ ಮಯ್ಯತ್‌ಗಳನ್ನು, ಜಾತಿ ಧರ್ಮ ಕೇಳದೆ, ಮುಖಗವಸು ಕೈಗವಸು ತೊಟ್ಟು ಹೊತ್ತ ನಮ್ಮ ಯುವಕರು ಕರ್ನಾಟಕದ ಅನೇಕ ಊರುಗಳಲ್ಲಿದ್ದಾರೆ. ಅಮ್ವಾಸಿನ ಹದೀಸಿನ ಎರಡು ಭಾಗಗಳನ್ನೂ ಒಟ್ಟಿಗೆ ಪಾಲಿಸಿದವರು ಅವರು. ದೊಡ್ಡ ತರಗತಿಗಳಲ್ಲಿ ಬುಖಾರಿಯ ವೈದ್ಯಕೀಯ ಅಧ್ಯಾಯ ಪಾಠವಾಗುವ ದಿನ ಈ ಯುವಕರನ್ನೂ ಕರೆಸಬೇಕು. ಅಂದು ಕಪ್ಪುಹಲಗೆಯ ಮೇಲೆ ಕೈರೋದ 40 ಮತ್ತು 1,000ವನ್ನು ಬರೆದು, ನಡುವೆ ಏನಾಯಿತೆಂದು ಮಕ್ಕಳನ್ನೇ ಕೇಳಬೇಕೆಂಬುದು ನಮ್ಮ ಸಲಹೆ.