ತಪ್ಪಿದ ಒದೆತ

ಮಕ್ಕಳೇ, ಫುಟ್‌ಬಾಲಿನಲ್ಲಿ ಪೆನಾಲ್ಟಿ ಗೊತ್ತಲ್ಲ? 12 ಗಜ ದೂರದಲ್ಲಿ ಚೆಂಡು, ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಪಂದ್ಯ ಸಮವಾಗಿ ಉಳಿದರೆ ಎರಡೂ ತಂಡದವರು ಸರದಿಯಂತೆ ಹೀಗೆ ಒದ್ದು ಗೆಲುವನ್ನು ತೀರ್ಮಾನಿಸುತ್ತಾರೆ.

1996ರ ಯೂರೋ ಕಪ್ ಸೆಮಿಫೈನಲ್. ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡಿಗೂ ಜರ್ಮನಿಗೂ ಪಂದ್ಯ. ಎರಡೂ ಕಡೆಯ ಐದೈದು ಒದೆತಗಳೂ ಗೋಲಾದವು. ಇಂಗ್ಲೆಂಡಿನ ಆರನೆಯ ಒದೆತ 25 ವರ್ಷದ ಗ್ಯಾರೆತ್ ಸೌತ್‌ಗೇಟ್ ಅವರದು. ಗೋಲ್‌ಕೀಪರ್ ಚೆಂಡನ್ನು ತಡೆದುಬಿಟ್ಟ. ಇಂಗ್ಲೆಂಡ್ ಸೋತಿತು.

ಅವರು ದೇಶಕ್ಕಾಗಿ ಒಟ್ಟು 57 ಪಂದ್ಯ ಆಡಿದರು. ಆದರೆ ಲೆಡ್ಜರಿನಲ್ಲಿ ಕೆಂಪು ಶಾಯಿಯ ಸಾಲೇ ಮೊದಲು ಕಣ್ಣಿಗೆ ಬೀಳುವ ಹಾಗೆ, ಜನ ನೆನಪಿಟ್ಟುಕೊಂಡದ್ದು ಆ ಒಂದು ಒದೆತವನ್ನೇ.

2016ರಲ್ಲಿ ಅವರೇ ಇಂಗ್ಲೆಂಡ್ ತಂಡದ ಮ್ಯಾನೇಜರ್ ಆದರು. ಪೆನಾಲ್ಟಿಯನ್ನು ಅದೃಷ್ಟಕ್ಕೆ ಬಿಡಲಿಲ್ಲ. ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದರು. 2018ರಲ್ಲಿ ಕೊಲಂಬಿಯಾ ವಿರುದ್ಧ ಇಂಗ್ಲೆಂಡ್ ವಿಶ್ವಕಪ್ಪಿನಲ್ಲಿ ಮೊದಲ ಬಾರಿ ಪೆನಾಲ್ಟಿಯಲ್ಲಿ ಗೆದ್ದಿತು. ಆಗ ಸೌತ್‌ಗೇಟ್ ಹೋಗಿ, ಒದೆತ ತಪ್ಪಿಸಿಕೊಂಡ ಕೊಲಂಬಿಯಾದ ಹುಡುಗನನ್ನು ತಬ್ಬಿ ಸಂತೈಸಿದರು.

2021ರ ಯೂರೋ ಫೈನಲ್‌ನಲ್ಲಿ ಮತ್ತೆ ಪೆನಾಲ್ಟಿ, ಮತ್ತೆ ಸೋಲು. ಕೊನೆಯ ಒದೆತ ತಪ್ಪಿದ್ದು 19 ವರ್ಷದ ಬುಕಾಯೊ ಸಾಕಾಗೆ. ಸೌತ್‌ಗೇಟ್ ಅವನನ್ನು ಎದೆಗಪ್ಪಿಕೊಂಡರು. ಯಾರು ಒದೆಯಬೇಕೆಂದು ಆರಿಸಿದ್ದು ತಾವು, ಹೊಣೆಯೂ ತಮ್ಮದೇ ಎಂದರು.

2024ರಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧ ಸಾಕಾ ಮತ್ತೆ ಪೆನಾಲ್ಟಿ ಒದ್ದ. ಗೋಲು! ಐವರು ಒದ್ದರು, ಐದೂ ಗೋಲು. ಕಪ್ ಮಾತ್ರ ಸೌತ್‌ಗೇಟರಿಗೆ ಒಲಿಯಲಿಲ್ಲ. ಆ ಫೈನಲ್ ಸ್ಪೇನ್ ಪಾಲಾಯಿತು.

ಅಜ್ಜ-ಅಜ್ಜಿಯರೇ, ಮೊಮ್ಮಗು ಕಡಿಮೆ ಅಂಕ ತಂದ ದಿನ ಬೈಯುವ ಮೊದಲು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿಮ್ಮ ಕಾಲದ ತಪ್ಪಿದ ಒದೆತವೊಂದರ ಕಥೆ ಹೇಳಿ.