ಐಸಿಯು ನರ್ಸ್‌ಗಳ ಪರೀಕ್ಷೆ ಯಾಕೆ ಬದಲಾಗುತ್ತಲೇ ಇರಬೇಕು?

2001ರಲ್ಲಿ ಬೆಲ್ಜಿಯಂನ ಲ್ಯೂವೆನ್ ನಗರದಿಂದ ಬಂದ ಒಂದು ಅಧ್ಯಯನ ಜಗತ್ತಿನ ಐಸಿಯುಗಳ ದಿನಚರಿಯನ್ನೇ ಬದಲಿಸಿತು. ರೋಗಿಯ ರಕ್ತದ ಸಕ್ಕರೆಯನ್ನು ಇನ್ಸುಲಿನ್ ಕೊಟ್ಟು 80ರಿಂದ 110ರೊಳಗೆ ಬಿಗಿಯಾಗಿ ಹಿಡಿದಿಟ್ಟರೆ ಸಾವು ಕಡಿಮೆಯಾಗುತ್ತದೆ ಎಂದು ಅದು ಹೇಳಿತ್ತು. ಮತ್ತೆ ಮತ್ತೆ ರಕ್ತ ಪರೀಕ್ಷಿಸುವುದು, ಪಂಪಿನ ವೇಗ ಬದಲಿಸುವುದು, ಚಾರ್ಟಿನಲ್ಲಿ ಬರೆಯುವುದು, ಈ ಎಲ್ಲ ಕೆಲಸ ನರ್ಸ್‌ಗಳ ಪಾಲಿಗೆ ಬಂತು. 2009ರಲ್ಲಿ 6,104 ರೋಗಿಗಳ ಮೇಲೆ ನಡೆದ ‘ನೈಸ್-ಶುಗರ್’ ಪ್ರಯೋಗದ ಫಲಿತಾಂಶ ಹೊರಬಿತ್ತು. ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟ ಗುಂಪಿನಲ್ಲಿ ತೊಂಬತ್ತು ದಿನಗಳೊಳಗೆ ಸತ್ತವರು ಶೇ 27.5, ಅದನ್ನು 180ರೊಳಗೆ ಇಟ್ಟರೆ ಸಾಕೆಂದು ನೋಡಿಕೊಂಡ ಗುಂಪಿನಲ್ಲಿ ಶೇ 24.9. ಹತ್ತು ವರ್ಷ ತುಂಬುವುದರೊಳಗೆ ‘ಸರಿ’ ಉತ್ತರವೇ ರೋಗಿಗೆ ಅಪಾಯ ತರುವ ಉತ್ತರವಾಯಿತು.

ತೀವ್ರ ನಿಗಾ ಘಟಕದ ನರ್ಸ್‌ಗಳ ಪರೀಕ್ಷೆ ಆಗಾಗ ಬದಲಾಗಬೇಕೇ ಎಂಬ ಪ್ರಶ್ನೆಯನ್ನು ಇಲ್ಲಿಂದಲೇ ನೋಡಬೇಕು.

ಅಮೆರಿಕದಲ್ಲಿ ಇಂಥ ನರ್ಸ್‌ಗಳಿಗೆಂದೇ ‘ಸಿಸಿಆರ್‌ಎನ್’ ಎಂಬ ಪ್ರಮಾಣಪತ್ರವಿದೆ. ಇದರ ಪರೀಕ್ಷೆ 1976ರಲ್ಲಿ ಶುರುವಾಯಿತು. ಕೆಲಸ ಮಾಡಲು ಬೇಕಾದ ಲೈಸೆನ್ಸ್ ಬೇರೆ, ಇದು ಬೇರೆ. ತನ್ನ ವಿಭಾಗದಲ್ಲಿ ತಾನು ನುರಿತವಳು ಎಂದು ತೋರಿಸಲು ನರ್ಸ್ ತಾನಾಗಿ ಬರೆಯುವ ಪರೀಕ್ಷೆಯಿದು. ಮೂರು ಗಂಟೆಯಲ್ಲಿ 150 ಪ್ರಶ್ನೆ. ಅಂಕ ಸಿಗುವುದು 125ಕ್ಕೆ ಮಾತ್ರ. ಉಳಿದ 25 ಮುಂದಿನ ಪರೀಕ್ಷೆಗಳಿಗಾಗಿ ಒರೆಹಚ್ಚಿ ನೋಡುವ ಪ್ರಶ್ನೆಗಳು; ಅವು ಯಾವುವೆಂದು ಬರೆಯುವವರಿಗೆ ಗೊತ್ತಿರುವುದಿಲ್ಲ. ಕೆಲವು ವರ್ಷಗಳಿಗೊಮ್ಮೆ, ಯಾವ ವಿಷಯಕ್ಕೆ ಎಷ್ಟು ಪಾಲು ಎಂದು ಹೇಳುವ ಪಠ್ಯದ ನಕ್ಷೆಯೇ ಬದಲಾಗುತ್ತದೆ. ಆಗೆಲ್ಲ ಅಸಮಾಧಾನ ಏಳುವುದು ಸಹಜ. ದುಡ್ಡು ಕೊಟ್ಟು ಕೊಂಡ ಪುಸ್ತಕ ಹಳತಾಗುತ್ತದೆ. ರಾತ್ರಿ ಪಾಳಿ ಮುಗಿಸಿ, ಮಕ್ಕಳನ್ನು ಶಾಲೆಗೆ ಕಳಿಸಿ, ನಿದ್ದೆಗೆಟ್ಟು ಮಾಡಿಕೊಂಡ ಟಿಪ್ಪಣಿ ಅರ್ಧಕ್ಕರ್ಧ ಕೆಲಸಕ್ಕೆ ಬಾರದಂತಾಗುತ್ತದೆ. ಈ ಕಷ್ಟ ನಿಜವಾದದ್ದು, ಅದನ್ನು ಹಗುರವಾಗಿ ಕಾಣಬಾರದು. ಆದರೆ ಬದಲಾಗದ ಪರೀಕ್ಷೆಯ ಬೆಲೆಯನ್ನು ತೆರುವವನು ರೋಗಿ. ಆ ಬೆಲೆ ಇದಕ್ಕಿಂತ ದೊಡ್ಡದು.

ಹೃದಯದ ಒಳಗೇ ತೂರಿಸಿ ಒತ್ತಡ ಅಳೆಯುವ ಸ್ವಾನ್-ಗಾಂಜ್ ಕ್ಯಾತಿಟರ್‌ನ ಕಥೆಯನ್ನೇ ನೋಡಿ. ಜೆರೆಮಿ ಸ್ವಾನ್ ಮತ್ತು ವಿಲಿಯಂ ಗಾಂಜ್ ಅದನ್ನು 1970ರಲ್ಲಿ ಜಗತ್ತಿನ ಮುಂದಿಟ್ಟರು. ಮುಂದಿನ ಎರಡು ದಶಕ ಐಸಿಯು ನರ್ಸಿನ ಜಾಣ್ಮೆಗೆ ಅದೇ ಅಳತೆಗೋಲು. ಮಾನಿಟರಿನ ಮೇಲೆ ಏಳುವ ಅಲೆಯ ಆಕಾರ ನೋಡಿ ಕೊಳವೆಯ ತುದಿ ಎಲ್ಲಿದೆ ಎಂದು ಹೇಳಬಲ್ಲವಳೇ ನುರಿತವಳು. ಆಮೇಲೆ ಅನುಮಾನಗಳು ಶುರುವಾದವು. 2005ರಲ್ಲಿ ಬ್ರಿಟನ್ನಿನ ‘ಪ್ಯಾಕ್-ಮ್ಯಾನ್’ ಪ್ರಯೋಗ, ಈ ಕ್ಯಾತಿಟರ್ ಹಾಕಿದ್ದರಿಂದ ಸಾವು ಕಡಿಮೆಯಾಗಲಿಲ್ಲ ಎಂದು ತೋರಿಸಿತು. ಇಂದು ಅದರ ಬಳಕೆ ಕೆಲವೇ ಬಗೆಯ ರೋಗಿಗಳಿಗೆ ಸೀಮಿತ. ಅಪರೂಪಕ್ಕೆ ಕಾಣುವ ಅಲೆಗಳನ್ನು ಬಾಯಿಪಾಠ ಮಾಡಲು ಕಳೆವ ಸಮಯದಲ್ಲಿ, ಪ್ರತಿ ಪಾಳಿಯಲ್ಲೂ ಎದುರಾಗುವ ಡೆಲಿರಿಯಂ ಗುರುತಿಸಲು ಕಲಿತರೆ ರೋಗಿಗೆ ಹೆಚ್ಚು ಲಾಭ. ಮಾತಾಡಲಾಗದ ರೋಗಿಯ ಗೊಂದಲವನ್ನು ಹಾಸಿಗೆಯ ಪಕ್ಕದಲ್ಲೇ ಪತ್ತೆ ಹಚ್ಚುವ ‘ಕ್ಯಾಮ್-ಐಸಿಯು’ ವಿಧಾನ 2001ರದು. ಅದಕ್ಕೂ ಮೊದಲು ಓದಿದ ನರ್ಸಿನ ಪಠ್ಯದಲ್ಲಿ ಅದು ಇರುವುದಾದರೂ ಹೇಗೆ?

ಸಿಸಿಆರ್‌ಎನ್ ನಡೆಸುವ ಸಂಘ 1969ರಲ್ಲಿ ಹುಟ್ಟಿದ್ದೇ ಹೃದ್ರೋಗ ವಿಭಾಗದ ನರ್ಸ್‌ಗಳ ಸಂಘವಾಗಿ. ಹೆಸರು ಬದಲಾದದ್ದು ಆಮೇಲೆ. ಆದರೆ ಇತ್ತೀಚಿನ ವರ್ಷಗಳ ನಕ್ಷೆಯಲ್ಲಿ ಹೃದಯ, ರಕ್ತನಾಳಗಳ ಪಾಲು ಶೇ 17 ಮಾತ್ರ. ಉಸಿರಾಟಕ್ಕೆ ಶೇ 15. ಸೆಪ್ಸಿಸ್‌ನಂತೆ ಹಲವು ಅಂಗಗಳನ್ನು ಒಟ್ಟಿಗೆ ಕೆಡಿಸುವ ತೊಂದರೆಗಳಿಗೆ ಶೇ 14. ಇಂದಿನ ಐಸಿಯುವಿನ ಹಾಸಿಗೆಗಳ ಮೇಲೆ ಯಾರು ಮಲಗಿದ್ದಾರೆ ಎಂಬುದನ್ನು ಈ ಅಂಕಿಗಳು ಹೇಳುತ್ತವೆ. ನಕ್ಷೆ ಸಿದ್ಧವಾಗುವ ಕ್ರಮವೂ ಮೆಚ್ಚುವಂಥದ್ದು. ಯಾವ ಕೆಲಸವನ್ನು ಎಷ್ಟು ಸಲ ಮಾಡುತ್ತೀರಿ, ಅದು ತಪ್ಪಿದರೆ ರೋಗಿಗೆ ಎಷ್ಟು ಕೆಡುಕು ಎಂದು ಕೆಲಸದಲ್ಲಿರುವ ನರ್ಸ್‌ಗಳನ್ನೇ ಕೇಳಿ, ಅದರ ಮೇಲೆ ಪಠ್ಯ ಕಟ್ಟುತ್ತಾರೆ. ತೇರ್ಗಡೆಯ ಅಂಕವೂ ಮನಸ್ಸಿಗೆ ಬಂದಂತೆ ಇಟ್ಟದ್ದಲ್ಲ. ಕನಿಷ್ಠ ಅರ್ಹತೆಯಷ್ಟೇ ಇರುವ ನರ್ಸ್ ಒಂದೊಂದು ಪ್ರಶ್ನೆಗೂ ಸರಿಯುತ್ತರ ಕೊಡುವ ಸಾಧ್ಯತೆ ಎಷ್ಟು ಎಂದು ಪರಿಣತರು ಅಂದಾಜಿಸಿ, ಆ ಅಂದಾಜುಗಳಿಂದ ಗೆರೆ ಎಳೆಯುತ್ತಾರೆ.

ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪರೀಕ್ಷೆ ನಿಜವಾದ ತಿಳಿವನ್ನು ಅಳೆಯುತ್ತದೆಯೇ? ಪ್ರಶ್ನೆ ಚೆನ್ನಾಗಿದ್ದರೆ ಬಹುಮಟ್ಟಿಗೆ ಅಳೆಯುತ್ತದೆ. ಒಬ್ಬ ರೋಗಿ ವೆಂಟಿಲೇಟರ್ ಮೇಲಿದ್ದಾನೆ. ಕುತ್ತಿಗೆಯ ಬುಡದಲ್ಲಿ ಸೆಂಟ್ರಲ್ ಲೈನ್ ಹಾಕಿ ಅರ್ಧ ಗಂಟೆಯಾಗಿದೆ. ಯಂತ್ರದ ಒತ್ತಡದ ಅಲಾರಂ ನಿಲ್ಲುತ್ತಿಲ್ಲ, ಆಮ್ಲಜನಕ 84ಕ್ಕೆ ಇಳಿದಿದೆ, ಬಿಪಿ ಕುಸಿಯುತ್ತಿದೆ, ಎದೆಯ ಬಲಗಡೆ ಉಸಿರಿನ ಸದ್ದೇ ಇಲ್ಲ. ಕಫ ಹೀರುವುದೋ, ಮಂಪರಿನ ಔಷಧ ಹೆಚ್ಚಿಸುವುದೋ, ಎಕ್ಸ್‌ರೇಗೆ ಹೇಳಿ ಕಾಯುವುದೋ, ಎದೆಯೊಳಗೆ ಸೇರಿಕೊಂಡ ಗಾಳಿ ತೆಗೆಸಲು ಆ ಕ್ಷಣವೇ ಡಾಕ್ಟರನ್ನು ಕರೆದು ಸಾಮಾನು ಸಿದ್ಧ ಮಾಡುವುದೋ? ನಾಲ್ಕೂ ಐಸಿಯುವಿನಲ್ಲಿ ನಡೆಯುವ ಕೆಲಸಗಳೇ. ಮೊದಲು ಯಾವುದು ಎಂಬುದರ ಮೇಲೆ ಜೀವ ನಿಂತಿದೆ. ಅಮೆರಿಕದ ಲೈಸೆನ್ಸ್ ಪರೀಕ್ಷೆಯಾದ ಎನ್‌ಕ್ಲೆಕ್ಸ್ ಕೂಡ 2023ರ ಏಪ್ರಿಲ್ 1ರಿಂದ ಈ ದಾರಿ ಹಿಡಿದಿದೆ. ಒಬ್ಬ ರೋಗಿಯ ದಾಖಲೆ ಮುಂದಿಟ್ಟು ಆರು ಪ್ರಶ್ನೆ ಕೇಳುತ್ತದೆ. ಅರ್ಧ ಸರಿಯಾದ ಉತ್ತರಕ್ಕೂ ಅಂಕ ಕೊಡುತ್ತದೆ.

ಕಂಪ್ಯೂಟರ್ ಪರದೆಗೆ ದಕ್ಕದ ಕೆಲಸಗಳೂ ಇವೆ. ಶ್ವಾಸಕೋಶ ತೀರಾ ಕೆಟ್ಟ ರೋಗಿಯನ್ನು ಬೋರಲು ಮಲಗಿಸಿದರೆ 28 ದಿನಗಳೊಳಗಿನ ಸಾವು ಶೇ 32.8ರಿಂದ ಶೇ 16ಕ್ಕೆ ಇಳಿಯಿತೆಂದು 2013ರಲ್ಲಿ ಫ್ರಾನ್ಸಿನ ನೇತೃತ್ವದ ಪ್ರಯೋಗವೊಂದು ತೋರಿಸಿತು. ಕೋವಿಡ್ ಕಾಲದಲ್ಲಿ ಎಲ್ಲ ಕಡೆ ನಡೆದದ್ದೂ ಇದೇ. ಮಾಡಲು ನಾಲ್ಕೈದು ಜನ ಬೇಕು. ತಲೆಯ ಬಳಿ ನಿಂತವರು ಗಂಟಲಿನ ಟ್ಯೂಬನ್ನು ಬಿಡದೆ ಹಿಡಿದು ಎಣಿಸಬೇಕು, ಉಳಿದವರು ಒಂದೇ ಬೀಸಿಗೆ ಮಗುಚಬೇಕು. ಒಂದು ಲೈನೂ ಕಿತ್ತು ಬರಬಾರದು. ಆಮೇಲೆ ಕೆನ್ನೆ, ಗಲ್ಲ, ಮೊಣಕಾಲು ಹುಣ್ಣಾಗದಂತೆ ತಾಸುಗಟ್ಟಲೆ ನೋಡಿಕೊಳ್ಳಬೇಕು. ಇದು ಕೈಗೆ ಬರುವುದು ಮಾಡಿದಾಗಲೇ.

ಅದಕ್ಕೇ ಸಿಸಿಆರ್‌ಎನ್‌ನಲ್ಲಿ ಪ್ರಶ್ನೆಪತ್ರಿಕೆಗಿಂತ ತೂಕದ ಭಾಗ ಪರೀಕ್ಷೆಗೆ ಮೊದಲೇ ಇದೆ. ಹಿಂದಿನ ಎರಡು ವರ್ಷಗಳಲ್ಲಿ 1,750 ಗಂಟೆ, ಅದರಲ್ಲಿ 875 ಗಂಟೆ ಕೊನೆಯ ವರ್ಷದಲ್ಲೇ, ತೀವ್ರ ಅಸ್ವಸ್ಥರ ಆರೈಕೆ ಮಾಡಿರಬೇಕು. ಐದು ವರ್ಷಗಳಲ್ಲಿ 2,000 ಗಂಟೆಯ ಇನ್ನೊಂದು ದಾರಿಯೂ ಇದೆ. ಪ್ರಮಾಣಪತ್ರದ ಆಯಸ್ಸು ಮೂರೇ ವರ್ಷ. ನವೀಕರಿಸಲು ಮತ್ತೆ 432 ಗಂಟೆ ತೋರಿಸಬೇಕು.

ಪ್ರಮಾಣಪತ್ರವೊಂದೇ ಸಾಲದು ಎಂಬುದಕ್ಕೂ ಆಧಾರವಿದೆ. ಅಮೆರಿಕದ 652 ಆಸ್ಪತ್ರೆಗಳನ್ನು ನೋಡಿದ 2011ರ ಅಧ್ಯಯನದಲ್ಲಿ, ಪದವಿ ಪಡೆದ ನರ್ಸ್‌ಗಳು ಪ್ರಮಾಣಪತ್ರವನ್ನೂ ಹೊಂದಿದ್ದ ಕಡೆ ಸಾವು ತುಸು ಕಡಿಮೆಯಿತ್ತು. ಪದವಿಯ ಬುನಾದಿ ಇಲ್ಲದೆ ಪ್ರಮಾಣಪತ್ರ ಮಾತ್ರ ಇದ್ದ ಕಡೆ ಆ ನಂಟು ಕಾಣಲಿಲ್ಲ. ಪರೀಕ್ಷೆಯೇ ಎಲ್ಲವನ್ನೂ ಸರಿಮಾಡುತ್ತದೆ ಎನ್ನುವವರು ಇದನ್ನು ಗಮನಿಸಬೇಕು.

ಕರ್ನಾಟಕಕ್ಕೆ ಇದೆಲ್ಲ ದೂರದ ಸುದ್ದಿಯಲ್ಲ. ಬೆಂಗಳೂರು, ಮಂಗಳೂರಿನ ಕಾಲೇಜುಗಳಲ್ಲಿ ಓದಿದವರು ಜಗತ್ತಿನ ಹಲವು ಐಸಿಯುಗಳಲ್ಲಿದ್ದಾರೆ. ಎನ್‌ಕ್ಲೆಕ್ಸ್ ಬರೆಯುವ ಕೇಂದ್ರ ಬೆಂಗಳೂರಿನಲ್ಲೇ ಇದೆ. ಅಮೆರಿಕಕ್ಕೆ ಹೋದ ಮೇಲೆ ಸಿಸಿಆರ್‌ಎನ್‌ಗೆ ಕೂರುವವರೂ ಇದ್ದಾರೆ. ಇಲ್ಲೇ ಉಳಿದವರಿಗೆ ಅಂಥದ್ದೇನಿದೆ? ಭಾರತೀಯ ನರ್ಸಿಂಗ್ ಪರಿಷತ್ತು ತೀವ್ರ ನಿಗಾ ವಿಭಾಗಕ್ಕೆಂದೇ ಎರಡು ವರ್ಷದ ‘ನರ್ಸ್ ಪ್ರಾಕ್ಟಿಷನರ್’ ಕೋರ್ಸ್ ತಂದದ್ದು ಒಳ್ಳೆಯ ಹೆಜ್ಜೆ. ಆದರೆ ಒಮ್ಮೆ ಪಡೆದ ಪದವಿಗೆ ಮುಕ್ತಾಯದ ದಿನಾಂಕವಿಲ್ಲ. ಜಿಲ್ಲಾ ಆಸ್ಪತ್ರೆಯ ಐಸಿಯುವಿನಲ್ಲಿ ಹದಿನೈದು ವರ್ಷ ದುಡಿದ ಸಿಸ್ಟರ್‌ಗೂ, ನಿನ್ನೆ ಹೆರಿಗೆ ವಾರ್ಡಿನಿಂದ ಅಲ್ಲಿಗೆ ಬಂದವರಿಗೂ ನೋಂದಣಿಯ ಕಾಗದದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಇದು ಅನುಭವಕ್ಕೆ ಮಾಡುವ ಅವಮಾನ, ರೋಗಿಗೆ ಮಾಡುವ ಅನ್ಯಾಯ.

1947ರ ನರ್ಸಿಂಗ್ ಪರಿಷತ್ತಿನ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ಬಂದಿದೆ. ಅದರಡಿ ನಿಯಮ ರೂಪಿಸುವವರು ಐಸಿಯು ನರ್ಸ್‌ಗಳಿಗೆ ಪ್ರತ್ಯೇಕ ಪ್ರಮಾಣಪತ್ರವೊಂದನ್ನು ತರಲಿ. ಹಾಸಿಗೆಯ ಪಕ್ಕದ ಗಂಟೆಗಳನ್ನು ಅದಕ್ಕೆ ಕಡ್ಡಾಯ ಮಾಡಲಿ, ಪರೀಕ್ಷೆಯ ಶುಲ್ಕ ಮತ್ತು ಓದುವ ರಜೆಯನ್ನು ಆಸ್ಪತ್ರೆಗಳೇ ಭರಿಸುವಂತೆ ಮಾಡಲಿ. ಪಠ್ಯ ಏನಿರಬೇಕೆಂದು ದೊಡ್ಡ ನಗರದ ಕಾರ್ಪೊರೇಟ್ ಆಸ್ಪತ್ರೆಗಳನ್ನು ಮಾತ್ರ ಕೇಳದೆ, ರಾಯಚೂರು, ಚಾಮರಾಜನಗರದಂಥ ಊರುಗಳಲ್ಲಿ ವೆಂಟಿಲೇಟರ್ ಪಕ್ಕ ರಾತ್ರಿ ಪಾಳಿ ಮಾಡುವ ಸಿಸ್ಟರ್‌ಗಳನ್ನೂ ಕೇಳಲಿ.